ಇನ್ನೂರ ಐವತ್ತೈದು

ಕೇಪ್ ಬ್ರೆಟನ್ನಿನ ಶೆಟಿಕಾಂ. ಚರ್ಚಿನ ಹಿಂದಿನ ಕೋಣೆ.
ಫೆಬ್ರವರಿಯ ಸಂಜೆ, ಹದಿನೇಳು ಮಂದಿ ಬಡಗಿಗಳು, ಒಂದೇ ಹೀಟರು.
ಹೊರಗೆ, ಇಲ್ಲಿನವರು ಸುಯೆತ್ ಅನ್ನುವ ಗಾಳಿ
ಬೆಟ್ಟ ಇಳಿದು ಬಂದು ಒಂದೊಂದೇ ಬಾಗಿಲ ಚಿಲಕ
ಅಲ್ಲಾಡಿಸಿ ನೋಡುತ್ತಿದೆ.
ನನ್ನ ಹಾಗೆ ಅದೂ ಇನ್‌ಸ್ಪೆಕ್ಟರು.

ನಾನು ಓದಿದೆ: ಮನೆಯೊಳಗಿನ ಮೆಟ್ಟಿಲು,
ಪಾದವಿಡುವ ಹಲಗೆಯ ಅಗಲ
ಇನ್ನೂರ ಹತ್ತು ಮಿಲಿಮೀಟರ್ ಇದ್ದದ್ದು
ಇನ್ನು ಮೇಲೆ ಇನ್ನೂರ ಐವತ್ತೈದು.
ತಿದ್ದುಪಡಿಯ ಪುಸ್ತಕದಲ್ಲಿ ಇದು ಅರ್ಧ ಸಾಲು.
ಪುಟ ತಿರುಗಿಸುವುದರಲ್ಲಿದ್ದೆ.

ಎಫ್ರೆಮ್ ದೇವೊ ಎದ್ದು ನಿಂತ.
ಎಂಬತ್ತಕ್ಕೆ ಎರಡು ಕಡಿಮೆ. ಕಿವಿಯ ಸಂದಿನಲ್ಲಿ ಪೆನ್ಸಿಲು,
ಅದನ್ನು ತೆಗೆದರೆ ಕಿವಿಯೇ ಕಳಚಿ ಬಿದ್ದೀತೆಂಬಂತೆ.
"ಯಾಕಮ್ಮ ಒದೀಲ್,
ನಮ್ಮ ಪಾದಗಳೇನು ಬೆಳೆದವೇ?"

ಹೀಟರಿನ ಸುತ್ತ ನಗು.
ಅದರ ಬಿಸಿಯಲ್ಲಿ ಇನ್ನೊಬ್ಬ ಶುರುಮಾಡಿದ:
ಹನ್ನೆರಡು ಮೆಟ್ಟಿಲಿಗೆ ಲೆಕ್ಕ ಹಾಕು, ಅರ್ಧ ಮೀಟರಿಗೂ ಮೇಲೆ.
ಆ ಜಾಗ ಎಲ್ಲಿಂದ ತರಲಿ,
ಅಡುಗೆಮನೆಯಿಂದ ಕದಿಯಲೇ, ಸಮುದ್ರದಿಂದಲೇ?
ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ನಾವು,
ಕಾಲಿದ್ದಷ್ಟು ಹಾಸಿಗೆ ಹಾಸು ಅನ್ನುತ್ತದೆ ನಿನ್ನ ಪುಸ್ತಕ.

ನನ್ನ ಹತ್ತಿರ ಉತ್ತರವಿತ್ತು, ಅನುಬಂಧದಲ್ಲಿ.
ಬೀಳುವುದು ಹೆಚ್ಚಾಗಿ ಇಳಿಯುವಾಗ, ಎಂದೆ.
ಹಿಮ್ಮಡಿಗೆ ಜಾಗ ಸಿಕ್ಕರೆ ಬೆರಳು ಗಾಳಿಯಲ್ಲಿ.
ಬಿದ್ದವರ ವಯಸ್ಸಿಗೊಂದು ಕಾಲಂ, ಮುರಿದ ಮೂಳೆಗೊಂದು ಕಾಲಂ,
ಕೈಯಲ್ಲಿ ಏನಿತ್ತು ಎಂಬುದಕ್ಕೆ ಇರಲಿಲ್ಲ.
"ನಮ್ಮತ್ತೆ ಕೈಯಲ್ಲಿ ಕೇಕಿತ್ತು," ಅಂದರು ಹಿಂದಿನ ಸಾಲಿನಲ್ಲಿ ಯಾರೋ.
"ಕೇಕು ಉಳಿಯಿತು."
ಈ ಸಲ ಯಾರೂ ನಗಲಿಲ್ಲ.
ಬರೆದುಕೊಳ್ಳಲೂ ಇಲ್ಲ.

ಆ ರಾತ್ರಿ ನನ್ನ ಮನೆಯಲ್ಲಿ
(ಎಫ್ರೆಮನೇ ಕಟ್ಟಿದ್ದು, ನಾನು ಹುಟ್ಟುವ ಮೊದಲು)
ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಇಳಿಯುತ್ತ
ಮೊದಲ ಸಲ ನನ್ನ ಕಾಲು ನೋಡಿಕೊಂಡೆ.
ಅಡ್ಡ ಇಡುತ್ತಿದ್ದೆ, ಏಡಿಯ ಹಾಗೆ.
ಎಡಗಾಲು ಅಡ್ಡ, ಬಲಗಾಲು ಅಡ್ಡ, ಭುಜ ಗೋಡೆಗೆ.
ಆ ಎತ್ತರದಲ್ಲಿ ಗೋಡೆಯ ಬಣ್ಣ ಸವೆದು ಒಂದು ಪಟ್ಟೆ,
ಅದಕ್ಕೂ ಮೇಲೆ ಇನ್ನೊಂದು, ಅಪ್ಪನ ಭುಜದ್ದು.
ಬಂದರಿನ ಬೀದಿಯ ಮನೆಮನೆಯಲ್ಲೂ ಹೀಗೇ ಇರಬೇಕು.
ಯಾರೂ ಯಾರಿಗೂ ಹೇಳಿಕೊಡದೆ
ಊರಿಗೆ ಊರೇ ಪಾದ ತಿರುಗಿಸಿಕೊಂಡಿತ್ತು,
ಹಲಗೆಯನ್ನು ಅನ್ನದೆ.

ಹಳೆಯ ಮನೆಗಳಿಗೆ ಹೊಸ ನಿಯಮ ತಾಗುವುದಿಲ್ಲ.
ಅದನ್ನೂ ಓದಿದ್ದೆ ಆ ಸಂಜೆ, ಸಮಾಧಾನದ ದನಿಯಲ್ಲಿ.

ಅಕ್ಟೋಬರಿನಲ್ಲಿ ಎಫ್ರೆಮನ ಮೊಮ್ಮಗಳು ಸೊಲಾಂಜಳ ಹೊಸ ಮನೆಗೆ ತಪಾಸಣೆ.
ಟೇಪು ಬಿಚ್ಚಿದೆ: ಇನ್ನೂರ ಅರವತ್ತು.
ಐದು ಹೆಚ್ಚು.
ಕಟ್ಟಿದವನು ಯಾರೆಂದು ಕೇಳಲಿಲ್ಲ,
ಹಲಗೆಯ ಅಂಚನ್ನು ಹಾಗೆ ದುಂಡಗೆ ಹೆರೆಯುವವನು ಊರಿಗೊಬ್ಬನೇ.
ಮೇಲಿನಿಂದ ಅವನೇ ಇಳಿದು ಬಂದ, ಗರಗಸದ ಪುಡಿ ಉದುರಿಸುತ್ತ.
ಹೊಸ ಹಲಗೆಯ ಮೇಲೂ ಪಾದ ಅಡ್ಡ.

ನಡುವೆ ನಿಂತು, ಬೂಟಿನ ಪಕ್ಕ ಉಳಿದ ಜಾಗ ನೋಡಿದ.
ಪೆನ್ಸಿಲು ತೆಗೆದ. ಕಿವಿ ಬೀಳಲಿಲ್ಲ.
ಅಲ್ಲೊಂದು ಗೆರೆ ಎಳೆದು, ಉಗುಳು ಹಚ್ಚಿ ಒರೆಸಿಬಿಟ್ಟ.
"ಪಾದ ನೇರ ಇಡಬೇಕು ಅಂತ ಎಲ್ಲಿ ಬರೆದಿದೆ?
ಅದನ್ನೂ ಓದಿ ಹೇಳು."

ಎಲ್ಲೂ ಬರೆದಿರಲಿಲ್ಲ.
ನಾನು ಸಹಿ ಹಾಕಿದೆ.
ಅವನಿಗೆ ಇನ್ನೂ ನಾಲ್ಕು ಮೆಟ್ಟಿಲು ಬಾಕಿ ಇದ್ದವು.