ಮೂರು ಗಂಟೆಯ ಬೇಲಿ

ಸಮುದ್ರ ನೋಡಲು ಹೋದೆ, ಕಾರಿನಲ್ಲಿ ನಲವತ್ತು ನಿಮಿಷ.
ಸಮುದ್ರ ಸಮುದ್ರದಂತೆಯೇ ಇತ್ತು.
ಹಾಳೆ ಖಾಲಿ ತಂದೆ.

ಬರುವಾಗ ಅಡಿಲೇಡಿನ ಉತ್ತರದ ಈ ನಮ್ಮ ಬೀದಿಯಲ್ಲಿ ಮಂಗಳವಾರ.
ಮನೆಮನೆಯ ಮುಂದೆ ಕಸದ ಡಬ್ಬಿಗಳು,
ಹಳದಿ ಮುಚ್ಚಳ, ಕೆಂಪು ಮುಚ್ಚಳ,
ಶಾಲೆಯ ಬಸ್ಸಿಗೆ ಕಾದ ಮಕ್ಕಳ ಹಾಗೆ.
ಇಪ್ಪತ್ತೊಂದು ವರ್ಷ ಆ ಬಸ್ಸು ಓಡಿಸಿದವಳು ನಾನು,
ನನಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.

ಸುಮ್ಮನೆ ಕಣ್ಣು ಕಿರಿದು ಮಾಡಿದೆ.
ಡಬ್ಬಿ ಹೋಯಿತು, ಹಳದಿ ಉಳಿಯಿತು.
ಬೀದಿ ಒಂದು ಬೂದುಪಟ್ಟಿ,
ಅದರ ಅಂಚಿಗೆ ಹಚ್ಚಿ ಮರೆತಂಥ ಬಿಸಿಲು.

ಗ್ಯಾರೇಜಿನ ಬಾಗಿಲೆತ್ತಿ ಕೂತರೆ
ಎದುರಿಗೇ ಲಾಂಬ್ರೋಸನ ತಗಡಿನ ಬೇಲಿ.
ಫೆಬ್ರವರಿ, ನಲವತ್ತೊಂದು ಡಿಗ್ರಿ,
ಹುಲ್ಲೆಲ್ಲ ಬಿಸ್ಕತ್ತಿನ ಬಣ್ಣ.
ಮೂರು ಗಂಟೆಗೆ ತಗಡಿನ ಒಂದೊಂದೇ ಮಡಿಕೆಗೆ ನೆರಳಿಳಿಯುತ್ತದೆ;
ಬಟ್ಟೆ ಒಣಹಾಕುವ ತಂತಿಕೊಡೆ ಗಾಳಿಗೆ ತಿರುಗಿ
ಅದರ ಮೇಲೆ ಗೆರೆ ಎಳೆಯುತ್ತದೆ, ಅಳಿಸುತ್ತದೆ.
ಕೆಳಗೆ, ಹಳೆಯ ಹಸಿರು ಸುಲಿದಲ್ಲಿ,
ಅಂಗೈಯಗಲ ತುಕ್ಕು.
ಅಂಥ ಕೆಂಪು ನನಗೆ ಯಾವ ಟ್ಯೂಬಿನಲ್ಲೂ ಸಿಕ್ಕಿಲ್ಲ.

ಹದಿಮೂರು ದಿನ ಅದನ್ನೇ ಬರೆದೆ,
ಬೇಲಿಯನ್ನು ಬೇಲಿಯಾಗಲು ಬಿಡದೆ.
ಒಂದು ಮೊಳೆಯನ್ನು ಮಾತ್ರ ಮೊಳೆಯಂತೆಯೇ ಬರೆದೆ,
ದಾರಿ ತಪ್ಪಿದವರು ಹಿಡಿದುಕೊಳ್ಳಲಿ ಎಂದು.

ಲೈಬ್ರರಿಯ ಗೋಡೆಗೆ ತೂಗುಹಾಕಿದರು.
ಲಾಂಬ್ರೋಸ್ ಬಂದ, ಇಸ್ತ್ರಿ ಅಂಗಿ ತೊಟ್ಟು,
ನನಗೆಂದು ಒಂದು ಚೀಲ ನಿಂಬೆಹಣ್ಣು ಹಿಡಿದು.
ಬಹಳ ಹೊತ್ತು ನಿಂತ. "ಮೋಡವೋ?" ಎಂದ.
ಹತ್ತಿರ ಹೋದ. ಮೊಳೆ ಸಿಕ್ಕಿತು.
ಕಿವಿ ಕೆಂಪಾಯಿತು.
"ಗ್ಲೆನಿಸ್, ನನಗೊಂದು ಮಾತು ಹೇಳಬಾರದಿತ್ತೇ?"

ಶನಿವಾರ ಏಳುವ ಹೊತ್ತಿಗೆ ರೋಲರಿನ ಸದ್ದು.
ಬೇಲಿಗೆ ಕೆನೆಬಣ್ಣ, ಎರಡು ಕೋಟು,
ತುಕ್ಕನ್ನು ಉಜ್ಜಿ ಉಜ್ಜಿ ತೆಗೆದಿದ್ದ,
ಮೊಳೆಗಳೂ ಹೊಸವು.
ಇಡೀ ಬಡಾವಣೆಯೆದುರು ಮಾನ ಹೋಯಿತೆಂದುಕೊಂಡನೋ ಏನೋ.
ಚಹಾ ಮಾಡಿ ಒಯ್ದೆ. ಚೆನ್ನಾಗಿದೆ ಎಂದೆ.
ಉಳಿದದ್ದನ್ನು ನನ್ನ ಲೋಟದ ಜೊತೆ ನುಂಗಿದೆ.

ಮಂಡಿಯೂರಿದ್ದವನು ಎದ್ದ, ಲೋಟಕ್ಕೆ ಕೈಚಾಚಿ.
ಪ್ಯಾಂಟಿನ ಮೊಣಕಾಲಿಗೆ ಕೆನೆ ಮೆತ್ತಿತ್ತು,
ಅದರಡಿ, ಬೆವರಿಗೆ ಕಲಸಿಕೊಂಡು,
ಉಜ್ಜಿ ಉದುರಿಸಿದ ಅಷ್ಟೂ ತುಕ್ಕಿನ ಪುಡಿ.

"ಅಲ್ಲಾಡಬೇಡ" ಎಂದೆ.
"ಈಗಿನ್ನೇನು?" ಎಂದ ಲಾಂಬ್ರೋಸ್,
ತೊಟ್ಟಿಕ್ಕುವ ರೋಲರನ್ನು ಎತ್ತಿ ಹಿಡಿದು.
ನಾನಾಗಲೇ ಕಣ್ಣು ಕಿರಿದು ಮಾಡಿದ್ದೆ.