ತೊಂಬತ್ತಾರು

ಅಪ್ಪನ ತಗಡಿನ ಡಬ್ಬಿಯಲ್ಲಿ ತೊಂಬತ್ತಾರು ಗುಲಗಂಜಿ.
ಎಂಟಕ್ಕೊಂದು ಮಾಸ, ಹನ್ನೆರಡು ಮಾಸಕ್ಕೆ ತೊಲ.
ಪುಣೆಯ ರವಿವಾರ ಪೇಟೆಯಲ್ಲಿ, ವಾಡೆಯ ಮೆಟ್ಟಿಲಡಿಯ ಅಂಗಡಿಯಲ್ಲಿ
ನನ್ನ ಮಗ್ಗಿ ಶುರುವಾದದ್ದು ಹೀಗೆ,
ಕೆಂಪು ಕಾಳು ಎಣಿಸುತ್ತ.

ಗಿರಾಕಿಗಳಿಗೆ ಅದು ಗುಂಜ, ನಮಗೆ ಗುಲಗಂಜಿ.
ಹೊಸ್ತಿಲೀಚೆಗೊಂದು ಹೆಸರು, ಆಚೆಗೊಂದು,
ತೂಕ ಮಾತ್ರ ಅದೇ
ಎನ್ನುತ್ತಿದ್ದ ಅಪ್ಪ, ಮೌನೇಶ ಪತ್ತಾರ,
ಹೆಸರಿಗೆ ತಕ್ಕಂತೆ ವರ್ಷಕ್ಕೆ ನಾಲ್ಕು ಮಾತಿನವ.

ಮಾತೆಲ್ಲ ಅವ್ವನದು.
ಸಂಕ್ರಾಂತಿಯ ಮುಂದೆ ವೇತಾಳ ಟೇಕಡಿ ಹತ್ತಿ,
ಜಾಲಿಯ ಕೊರಳಿಗೆ ಬಿದ್ದ ಬಳ್ಳಿ ಹುಡುಕಿ,
ಒಣಗಿ ಬಾಯಿಬಿಟ್ಟ ಕಾಯಿಗಳನ್ನು ಸೆರಗಿಗೆ ಬಿಡಿಸುತ್ತ
ಬಳ್ಳಿಯನ್ನೇ ಬೈಯುವಳು:
"ಎಲಿ ಸಿಹಿ, ಕಾಳು ವಿಷ,
ಒಂದ ಹೊಟ್ಟ್ಯಾಗ ಹೆಂಗ ಹಡದೀಯೇ ಇವನ್ನ?"

ಎಲೆ ನನ್ನ ಬಾಯಿಹುಣ್ಣಿಗೆ.
ಅಗಿದರೆ ಮೊದಲು ಬರೀ ಹುಲ್ಲು,
ಉಗುಳಬೇಕೆನ್ನುವಷ್ಟರಲ್ಲಿ ಜೇನು.
ಮಿಕ್ಕದ್ದು ಪಾನ್ ಅಂಗಡಿಯ ದಾಮ್ಲೆ ಕಾಕಾನಿಗೆ,
ಕೀರ್ತನಕಾರರ ಬೀಡಕ್ಕೆ ಅವನು ಒಂದು ಚಿಟಿಕೆ ಉದುರಿಸುತ್ತಿದ್ದ.
ಹಿಡಿ ಕಾಳು ನಾಗರಕರ್ ವೈದ್ಯರಿಗೆ,
ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಕಳೆದು, ಅರೆದು
ಬೊಕ್ಕತಲೆಗಳಿಗೆ ಹಚ್ಚುವ ಲೇಪ.
"ನೀವು ಮಾತ್ರ ಮುಟ್ಟಬೇಡಿ, ತಾಯಿ,
ಒಡೆದ ಗುಂಜಕ್ಕೆ ನನ್ನ ಹತ್ತಿರವೂ ಮದ್ದಿಲ್ಲ."
ಅವ್ವ ಅದನ್ನು ಕೇಳಿಸಿಕೊಂಡಿದ್ದಳು.
ನಾನೂ.

ತಮ್ಮ ಹುಟ್ಟಿ ಹತ್ತು ದಿನ ಇದ್ದು ಹೋದ ವರ್ಷ
ಅವ್ವ ಮಾತು ಬಿಟ್ಟಳು.
ಒಂದು ರಾತ್ರಿ ಡಬ್ಬಿಯಲ್ಲಿ ತೊಂಬತ್ತಮೂರು.
ಅಪ್ಪ ಮತ್ತೆ ಎಣಿಸಿದ, ಮತ್ತೆ.
ಚಾಪೆ ಕೊಡವಿದ, ಕುಲುಮೆಯ ಬೂದಿ ಕೆದಕಿದ,
ನನ್ನ ಅಂಗೈ ತೆರೆಸಿ ನೋಡಿದ.
ಆಮೇಲೆ ಮೆಟ್ಟಿಲು ಹತ್ತಿದ, ಒಂದೊಂದರ ಮೇಲೂ ನಿಂತು.

ಅವ್ವ ಬಡಿಸಿಕೊಂಡು ಕೂತಿದ್ದಳು.
ಏನೂ ಕೇಳಲಿಲ್ಲ ಅಪ್ಪ.
ಎದುರು ಕೂತು ಅವಳ ತಾಟು ತನ್ನತ್ತ ಎಳೆದುಕೊಂಡ,
ರೊಟ್ಟಿ ಮುರಿದ, ಬದನೆಕಾಯಿ ಪಲ್ಯಕ್ಕೆ ಅದ್ದಿದ,
ಬಾಯಿಗಿಟ್ಟ. ಇನ್ನೊಂದು ತುತ್ತು. ಇನ್ನೊಂದು.
ಅವ್ವ ಅವನ ದವಡೆಯನ್ನೇ ನೋಡುತ್ತಿದ್ದಳು.
ನಾನು ಅವ್ವನನ್ನು.

"ಉಪ್ಪು ಕಡಿಮಿ ಐತಿ."

ಆ ವರ್ಷದ ನಾಲ್ಕರಲ್ಲಿ ಒಂದು ಮಾತು.
ಅವ್ವ ಎದ್ದು ಉಪ್ಪು ತಂದಳು.

ಮರುದಿನ ಡಬ್ಬಿಯಲ್ಲಿ ಮತ್ತೆ ತೊಂಬತ್ತಾರು,
ಮೂರರ ಹೊಳಪು ತುಸು ಹೆಚ್ಚು, ಹೊಸ ಕಾಳು.
ಹಳೆಯ ಮೂರರ ಸುದ್ದಿ ಯಾರೂ ಎತ್ತಲಿಲ್ಲ.
ಅವ್ವನ ಬೈಗುಳ ಮಾತ್ರ ಯುಗಾದಿಯ ಹೊತ್ತಿಗೆ ಮರಳಿ ಬಂತು,
ಮೊದಲು ಬೆಕ್ಕಿಗೆ, ಆಮೇಲೆ ಎಲ್ಲರಿಗೆ.

ಈಗ ಅಂಗಡಿ ನನ್ನದು. ಗಾಜಿನ ಗೂಡಿನ ತಕ್ಕಡಿ,
ಉಸಿರು ತಾಗಿದರೂ ಅಂಕಿ ಅಲುಗುತ್ತದೆ.
ಅವ್ವನ ಹದಿಮೂರು ಮುಗಿಸಿ ಟ್ರಂಕು ತೆಗೆದರೆ
ಹಳೆಯ ಇಳಕಲ್ ಸೀರೆಯ ಸೆರಗಿನ ತುದಿಗೆ ಗಂಟು,
ಹಲ್ಲಿನಿಂದ ಬಿಚ್ಚಬೇಕಾದಷ್ಟು ಬಿಗಿ.
ಒಳಗೆ ಮೂರು ಕಾಳು.
ಒಂದೂ ಒಡೆದಿಲ್ಲ.
ಗುಲಗಂಜಿಗೆ ತನ್ನ ಕಪ್ಪು ಕಾಣದಂತೆ.
ಅವಳಿಗೆ ಕಂಡಿತ್ತು.

ತಕ್ಕಡಿಗೆ ಹಾಕಿದೆ.
ಸೊನ್ನೆ ಪಾಯಿಂಟ್ ಮೂರು ಆರು, ಮೂರು ಏಳು, ಮತ್ತೆ ಆರು.
ನಿಲ್ಲಲೊಲ್ಲದು.
ಎದ್ದು ಫ್ಯಾನು ಆರಿಸಿ ಬಂದು
ಉಸಿರು ಹಿಡಿದು ನೋಡುತ್ತಿದ್ದೇನೆ.