ಹಾರಿತು, ಹಾರಿಸಿದ

ಮೊದಲ ಕರಡಿನಲ್ಲಿ ನಾನು ಬರೆದದ್ದು:
‘ದುರದೃಷ್ಟವಶಾತ್ ಗುಂಡು ಹಾರಿತು.’
ವಕೀಲರಾದ ಕಾತ್ಯಾಯಿನಿ ಮೇಡಂ
ಕೆಂಪು ಪೆನ್ನಿನ ಮುಚ್ಚಳ ತೆಗೆಯಲೂ ಇಲ್ಲ.
‘ಗುಬ್ಬಿ ಹಾರುತ್ತೆ. ಧೂಳು ಹಾರುತ್ತೆ.
ಗುಂಡನ್ನು ಯಾರು?’

ಚಿತ್ರದುರ್ಗದ ಕೋರ್ಟಿನ ಹಿಂದೆ,
ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ
ನಾವು ಮೂವರು ವ್ಯಾಕರಣ ಕಲಿತೆವು,
ಕಾನೂನು ಪದವಿಯ ಕೊನೆಯ ವರ್ಷದಲ್ಲಿ.
ಎಫ್‌ಐಆರ್ ಓದಿದರೆ ಅಲ್ಲೂ ಹಾರಿತ್ತು.
ಹದಿನಾಲ್ಕು ಸಾಕ್ಷಿಗಳ ಬಾಯಲ್ಲೂ ಹಾರಿತ್ತು:
ಅಕ್ಷತೆ ಬಿತ್ತು, ಬ್ಯಾಂಡ್ ಏರ್ತು, ಗುಂಡ್ ಹಾರ್ತು.
ಬಂದೂಕಿಗೆ ಕೈಯೇ ಇರಲಿಲ್ಲ.
ಕೈ ಹೋದದ್ದು ಕ್ಲಾರಿನೆಟ್ಟಿನ ಓಬಳೇಶನದು,
ಎಡಗೈಯ ಎರಡು ಬೆರಳು.

ಊರಿಗೆ ಬಂದವರಿಗೆ ಕೋಟೆಯ ಗೋಡೆಯಲ್ಲಿ
ಫಿರಂಗಿ ತಾಗಿದ ಗುಳಿ ತೋರಿಸುವ ಗೈಡು ನನ್ನ ಸೋದರಮಾವ.
ನಾನು ತೋರಿಸಬೇಕಾದದ್ದು
ಶಾಮಿಯಾನದ ಪಕ್ಕದ ಪರದೆ,
ಬಾಡಿಗೆಯವನು ಹೊಲಿಸದೆ ಎತ್ತಿಟ್ಟದ್ದು.
ನಸ್ರೀನ್ ಒಂದು ತುದಿ, ನಾನೊಂದು ತುದಿ ಹಿಡಿದೆವು.
ಹನ್ನೊಂದು ತೂತು.
ಬಿಸಿಲು ಹನ್ನೊಂದು ಕಾಳಾಗಿ
ಪಾಲಯ್ಯನ ಬಿಳಿ ಅಂಗಿಯ ಮೇಲೆ ಬಿತ್ತು,
ಅವನು ತಟ್ಟನೆ ಪಕ್ಕಕ್ಕೆ ಸರಿದ.

ಪರವಾನಗಿ ಬೆಳೆ ರಕ್ಷಣೆಗೆ, ಹಂದಿ ಕಾಟಕ್ಕೆ.
ಪಹಣಿ ತೆಗೆಸಿದೆವು: ಹೊಲ ಮಾರಿ ಒಂಬತ್ತು ವರ್ಷ.
ಬಂದೂಕು ಮಾತ್ರ ಮೂರು ಸಲ ನವೀಕರಣಗೊಂಡಿತ್ತು,
ಇಲ್ಲ, ಮೇಡಂ ಬೈತಾರೆ,
ನವೀಕರಿಸಿದ್ದರು.

ಕೇಳಿದ್ದು ಇಷ್ಟೇ: ಅವನಿಗೆ ಪರಿಹಾರ,
ಜಿಲ್ಲೆಗೆಲ್ಲ ಒಂದು ಆದೇಶ:
ಹೊಲವಿಲ್ಲದವನ ಕೈಯಲ್ಲಿ
ಹೊಲ ಕಾಯುವ ಬಂದೂಕು ಬೇಡ.

ಎದುರು ವಕೀಲರು ನಕ್ಕರು:
‘ಮನೆತನದ ಪದ್ಧತಿ, ಸ್ವಾಮಿ.
ತಾಳಿ ಕಟ್ಟುವಾಗ ಒಂದು ಸದ್ದು ಬೇಕಲ್ಲ.’
ಗಟ್ಟಿಮೇಳಕ್ಕೆ ಓಬಳೇಶ ಇದ್ದನಲ್ಲ!
ನಾಲಿಗೆಯ ತುದಿಗೆ ಬಂತು;
ವಿದ್ಯಾರ್ಥಿಗಳು ಅಲ್ಲಿ ಮಾತಾಡುವಂತಿಲ್ಲ.
ಚೀಟಿ ಬರೆದು ಮುಂದಕ್ಕೆ ದಾಟಿಸಿದೆ.
ಮೇಡಂ ಅದನ್ನೇ ಓದಿದರು.
ಸಾಹೇಬರು ಕನ್ನಡಕ ತೆಗೆದರು,
ಒರೆಸಿ ಮತ್ತೆ ಹಾಕಿಕೊಂಡರು.
ವಾಯಿದೆ.

ಹೊರಗೆ ಬೇವಿನ ನೆರಳಲ್ಲಿ ತಾರೀಖು ಹೇಳಿದೆ: ಹತ್ತೊಂಬತ್ತು.
ಓಬಳೇಶ ಈಗ ಜಾಂಜು ಬಡಿಯುತ್ತಾನೆ,
ಅದಕ್ಕೆ ಬೆರಳ ಲೆಕ್ಕ ಬೇಡ.
‘ಹತ್ತೊಂಬತ್ತಕ್ಕೆ ಆಗಲ್ಲ ಮೇಡಮ್ಮ,
ಹಿರಿಯೂರಾಗೆ ಲಗ್ನ ಐತೆ.’
‘ಅಲ್ಲೂ ಹಾರಿಸ್ತಾರಾ?’
ಗಾಯದ ಕಲೆ ಕೆರೆದುಕೊಂಡ.
‘ಗೊತ್ತಿಲ್ಲ. ದೊಡ್ಡೋರ ಮನೆ.
ಅಡ್ವಾನ್ಸ್ ಬಂದೈತೆ.’